ಬೆಳಕಿಗೆ ಹಿಡಿದ ಶೀಟು

"ಇದು ಎಂತದಾ, ಬೇವರ್ಸಿ? ಗಂಡಸಿನ ತೊಡೆಯಲ್ಲಿ ಗಂಡಸು ತಲೆ ಇಟ್ಟು ಮಲಗುದು. ಇದನ್ನು ಪುಸ್ತಕ ಮಾಡ್ಲಿಕ್ಕೆ ಹೊರಟದ್ದಾ ನೀನು?"

ಜಯಪ್ರಕಾಶ್ ಧಣಿ ಚಿತ್ರಗಳ ಕಟ್ಟನ್ನು ಧರ್ಮಪಾಲನ ಮುಖಕ್ಕೇ ಎಸೆದರು. ಅವರ ರಬ್ಬರ್ ಮರಗಳಿಂದ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಮಾಡುತ್ತಾ, ಅವನು ವರ್ಷಗಟ್ಟಲೆ ಕದ್ದುಮುಚ್ಚಿ ಬರೆದ ಚಿತ್ರಗಳು. ಹೆಸರಿಲ್ಲದೆ ಅಚ್ಚು ಹಾಕಿಸಲು ಮಂಗಳೂರಿನ ಗೆಳೆಯರು ಪುತ್ತೂರಿನ ಪ್ರೆಸ್ಸಿಗೆ ಕೊಟ್ಟಿದ್ದರು. ಪ್ರೆಸ್ಸಿನವನು ಧಣಿಯ ಭಾವ. ಚಿತ್ರದಲ್ಲಿದ್ದ, ಧಣಿಯ ರಬ್ಬರ್ ಶೀಟು ಒಣಗಿಸುವ ಸ್ಮೋಕ್ ಹೌಸ್ ಅವನಿಗೆ ಗುರುತು ಸಿಕ್ಕಿಬಿಟ್ಟಿತು. ಊರು ಸಣ್ಣದಾದಷ್ಟೂ ಮೂಗು ಉದ್ದ.

"ಹೂವಿದ್ದು, ಹಕ್ಕಿದ್ದು ಇರ್ಲಿ, ಚಂದ ಉಂಟು, ಶಾಲೆಗೆ ಕೊಡುವ. ಬಾಕಿದ್ದನ್ನು ನೀನೇ ಬೆಂಕಿಗೆ ಹಾಕು. ಆ ಇನ್ನೊಬ್ಬ ಯಾರು, ಹೇಳು."

"ಗೊತ್ತಿಲ್ಲ ಧಣಿ."

"ಬಿಡಾರ ಖಾಲಿ ಮಾಡಿಸ್ಬೇಕಾ? ಅಮ್ಮನನ್ನು ಎಲ್ಲಿ ಮಲಗಿಸ್ತಿ ಮತ್ತೆ, ರಸ್ತೆಯಲ್ಲಾ?"

"ಹಾಕಿಬಿಡು ಮಗ," ಎಂದಳು ಬಿಡಾರದ ಬಾಗಿಲಲ್ಲಿ ನಿಂತಿದ್ದ ಅಮ್ಮ ಲೋಲಾಕ್ಷಿ, ನೆಲ ನೋಡುತ್ತಾ.

ಸ್ಮೋಕ್ ಹೌಸಿನ ಬೆಂಕಿಗೆ ಧರ್ಮಪಾಲ ಒಂದೊಂದೇ ಹಾಳೆ ಹಾಕಿದ. ಆ ಇನ್ನೊಬ್ಬನ ಹೆಸರು ಮಾತ್ರ ಬಾಯಿಬಿಡಲಿಲ್ಲ. ಹೇಳಿದರೆ ಅವನನ್ನೂ ಮುಗಿಸುತ್ತಾರೆ. ಆ ಹೊಗೆಯಲ್ಲೇ ಧಣಿಯ ರಬ್ಬರ್ ಶೀಟುಗಳು ಒಣಗುತ್ತಿದ್ದವು.

ಮರುದಿನದಿಂದ, ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಒತ್ತುವ ಮೆಷಿನಿನಿಂದ ಹೊರಬಂದ ಒಂದೊಂದು ಬಿಳಿ ಶೀಟನ್ನೂ ಹರಡಿ, ಅವನು ಕತ್ತಿಯ ಮೊನೆಯಿಂದ ಗೀರಿದ. ಹಸಿ ಶೀಟಿನ ಗೀರು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಗೆ ಕುಡಿದು ಜೇನಿನ ಬಣ್ಣ ಬಂದಮೇಲೆ ಬೆಳಕಿಗೆ ಹಿಡಿದರೆ ಕಾಣುತ್ತದೆ. ಹಾಗೆ ಹಿಡಿದು ನೋಡದೆ ಯಾವ ವ್ಯಾಪಾರಿಯೂ ದರ ಹೇಳುವುದಿಲ್ಲ.

ಶೀಟು ಒಣಗಿದ ಮೇಲೆ, ಸುಳ್ಯದ ರಬ್ಬರ್ ಅಂಗಡಿಯಲ್ಲಿ ವ್ಯಾಪಾರಿ ಆದಂ ಕುಂಞಿ ಮೊದಲ ಶೀಟನ್ನು ಬಾಗಿಲ ಬಿಸಿಲಿಗೆ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಇನ್ನೊಂದನ್ನು ಎತ್ತಿದರು. ಸರದಿಯಲ್ಲಿದ್ದ ಬೆಳೆಗಾರರು ಕುತ್ತಿಗೆ ಚಾಚಿದರು.

"ಎಂತ ಸಾಹೇಬ್ರೆ, ಕಸ ಉಂಟಾ?" ಧಣಿ ಎದ್ದು ಬಂದರು.

"ಕಸ ಇಲ್ಲ ಜಯಪ್ರಕಾಶಣ್ಣ. ಜನ ಉಂಟು."

ಶೀಟಿನಲ್ಲಿ, ತೊಡೆಯ ಮೇಲೆ ತಲೆ ಇಟ್ಟವನು ಬೆನ್ನು ತಿರುಗಿಸಿ ಮಲಗಿದ್ದ. ಅವನ ಮುಖ ಕಾಣದು. ಕೂತವನಿಗೆ ಮುಖವಿತ್ತು, ಹುಬ್ಬಿನ ಮೇಲಿನ ಗಾಯದ ಕಲೆ ಸಮೇತ.

ಧಣಿ ತಿರುಗಿದರು. ಅದೇ ಹುಬ್ಬು, ಅದೇ ಕಲೆ ಹೊತ್ತು ಧರ್ಮಪಾಲ ಪಿಕಪ್ಪಿನಿಂದ ಮತ್ತೊಂದು ಕಟ್ಟು ತರುತ್ತಿದ್ದ. ತಂದು ಆದಂ ಕುಂಞಿಯ ಎದುರು ಇಳಿಸಿದ.

"ಇದನ್ನೂ ಹಿಡಿದು ನೋಡಿ ಸಾಹೇಬ್ರೆ. ಈ ಸಲದ್ದೆಲ್ಲ ಹೀಗೇ ಉಂಟು."