ವಾಷೌಟ್ ಅಂದರೆ

"ಡ್ರಿಜಲ್ ಅಂದ್ರೆ?"

"ಹಗ್ಗದ ಮೇಲಿನ ಬಟ್ಟೆ ತೆಗೀಬೇಕೋ ಬೇಡ್ವೋ ಅಂತ ಅತ್ತೆ ಸೊಸೆ ಜಗಳ ಆಡೋ ಮಳೆ."

"ಶವರ್?"

"ಜಗಳ ಮುಗಿಯೋದ್ರೊಳಗೆ ಬಟ್ಟೆ ನೆನೆಸಿಬಿಡೋ ಮಳೆ."

"ಡೌನ್‌ಪೋರ್?"

"ಬಟ್ಟೆ ಹಾಳಾಗಿ ಹೋಗ್ಲಿ, ಹಗ್ಗನಾದ್ರೂ ಉಳಿದ್ರೆ ಸಾಕಪ್ಪಾ ಅನ್ನಿಸೋ ಮಳೆ."

ಮಾವ ತೊಡೆ ತಟ್ಟಿಕೊಂಡು ನಕ್ಕರು. ನಗು ಕೆಮ್ಮಾಯಿತು. ಸೊಸೆ ಸೀದುಹೋದ ಪಾತ್ರೆ ಉಜ್ಜುವುದನ್ನು ಅಲ್ಲೇ ಬಿಟ್ಟು ಬಂದು ನೀರು ಕೊಟ್ಟಳು. ಪಾಠದ ಗುಂಗಿನಲ್ಲಿ ಒಲೆಯ ಮೇಲಿಟ್ಟಿದ್ದನ್ನು ಮರೆತು ಈ ವಾರ ಇದು ಎರಡನೇ ಪಾತ್ರೆ.

"ಸಾಹೇಬರ ಮುಂದೆ ಹೀಗೇ ಒದರಿಬಿಟ್ಟೀಯ ಮತ್ತೆ. ತುಂತುರು ಮಳೆ, ಬಂದು ಹೋಗೋ ಮಳೆ, ಕುಂಭದ್ರೋಣ ಮಳೆ ಅಂತ ನೆಟ್ಟಗೆ ಹೇಳು. ಸ್ಲೀಪರ್?"

"ಮೈಮೇಲೆ ರೈಲು ಹೋದ್ರೂ ಏಳದೋನು."

"ಹಳಿಯಡಿಯ ಅಡ್ಡದಿಮ್ಮಿ ಅನ್ನು. ನಾಳೆ ನೀನು ಕೆಲಸ ತಗೊಂಡ ಹಾಗೇ," ಅಂದರು ಮಾವ.

ನಗುವುದಕ್ಕೆ ಇಬ್ಬರಿಗೂ ಪುರುಸೊತ್ತಿರಲಿಲ್ಲ ನಿಜವಾಗಿ. ಹಳಿ ಕಾಯುತ್ತಿದ್ದ ಗಂಡ ಹೋದ ಮಳೆಗಾಲದಲ್ಲಿ ನೀರುಪಾಲಾದ. ಅವನ ಹೆಂಡತಿಗೆ ಗೇಟು ಕಾಯುವ ಕೆಲಸ ಕೊಡುತ್ತೇವೆ ಅಂದರು. ಹಾರ ಹಾಕುವ ದಿನ ಹಾಗೆ ಹೇಳುವುದು ಸುಲಭ. ಕೊಡುವ ಹೊತ್ತಿಗೆ ಅವಳ ನಾಲಿಗೆ ಹಿಡಿದು ಅಳೆದರು. ಗೇಟಿನ ಫೋನಿನಲ್ಲಿ ಮಳೆಯ ಸುದ್ದಿ, ಹಳಿಯ ಸುದ್ದಿಯೆಲ್ಲ ಇಂಗ್ಲಿಷ್ ಪದಗಳಲ್ಲೇ ಹೋಗಬೇಕು. ಮೊದಲ ಸಲ ಪರೀಕ್ಷೆಗೆ ಹೋದಾಗ ಅವಳ ಬಾಯಿಂದ ಉಸಿರು ಬಿಟ್ಟು ಬೇರೇನೂ ಹೊರಡಲಿಲ್ಲ. ನಾಳೆಯದು ಎರಡನೆಯದು, ಕೊನೆಯದು. ಇದೂ ಹೋದರೆ ಈ ಒಂದೂವರೆ ಕೋಣೆಯ ರೈಲ್ವೆ ಮನೆ ಬಿಡಬೇಕು. ಬಿಟ್ಟು ಎಲ್ಲಿಗೆ ಅಂದರೆ ಅವಳಿಗೂ ಗೊತ್ತಿಲ್ಲ, ಕಾಲು ಎಳೆದುಕೊಂಡು ನಡೆಯುವ ಮಾವನಿಗೂ ಗೊತ್ತಿಲ್ಲ.

"ವಾಷೌಟ್?" ಮಾವನ ದನಿ ತಗ್ಗಿತು.

"ನೀರಿಗೆ ಹಳಿಯಡಿಯ ಮಣ್ಣು ಕೊಚ್ಚಿ ಹೋಗೋದು. ಹಳಿ ಗಾಳೀಲಿ ನೇತಾಡ್ತಾ ಇರೋದು."

"ಆಗೇನು ಮಾಡ್ಬೇಕು?"

"ದಾಟಿ ಹೋಗಿ ಆಚೆ ಗಸ್ತಿನವನಿಗೆ ಸುದ್ದಿ ಮುಟ್ಟಿಸ್ಬೇಕು."

"ಹಾಂ," ಅಂದರು ಮಾವ. ಗೋಡೆಯ ಮೊಳೆಗೆ ತೂಗುಹಾಕಿದ್ದ ಹಿತ್ತಾಳೆ ಬಿಲ್ಲೆಯನ್ನು ತೆಗೆದು ಪಂಚೆಯ ತುದಿಯಲ್ಲಿ ಉಜ್ಜತೊಡಗಿದರು.

ಮಳೆಗಾಲದಲ್ಲಿ ಹಳಿಯ ಗಸ್ತಿಗೆ ಎರಡು ಕಡೆಯಿಂದ ಇಬ್ಬರು ಹೊರಡುತ್ತಾರೆ. ಸೇತುವೆಯ ಹತ್ತಿರ ಎದುರಾಗಿ ಬಿಲ್ಲೆ ಬದಲಾಯಿಸಿಕೊಳ್ಳುತ್ತಾರೆ. ಆಚೆಯವನ ಬಿಲ್ಲೆ ಕೈಯಲ್ಲಿದ್ದರೆ ನಡೆದದ್ದಕ್ಕೆ ಸಾಕ್ಷಿ. ಪ್ರಾಯದಲ್ಲಿ ಅದೇ ಕೆಲಸದಲ್ಲಿದ್ದ ಮಾವ ಒಮ್ಮೆ ನೀರಿಗೆ ಹೆದರಿ ಬರಿಗೈಲಿ ವಾಪಸ್ಸಾಗಿ, ಎಲ್ಲರೆದುರು ಬೈಸಿಕೊಂಡು, ದಂಡ ಕಟ್ಟಿದ್ದರು. ಆಮೇಲೆ ಎರಡು ಸಲ ಎದೆಯುದ್ದ ನೀರಲ್ಲಿ ದಾಟಿ ಬಿಲ್ಲೆ ತಂದರಂತೆ. ಆ ಕಥೆಯನ್ನು ಮಗನಿಗೆ ತುತ್ತಿನ ಜೊತೆ ತಿನ್ನಿಸಿ ಬೆಳೆಸಿದ್ದರು. ಈಗ ಮೊಳೆಯಲ್ಲಿದ್ದದ್ದು ಮಗನ ಬಿಲ್ಲೆ. ಹೆಣದ ಜೇಬಿನಲ್ಲಿ ಸಿಕ್ಕಿದ್ದು. ಕಾಲು ಜಾರಿತು, ಹೋದ ಅಂತ ಬೀದಿಯವರು ಸೊಸೆಗೆ ಹೇಳಿದ್ದರು. ಅವಳು ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ಮಾರನೆಯ ದಿನ ಸಾಹೇಬರ ಮೇಜಿನ ಮುಂದೆ ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಡ್ರಿಜಲ್ ಕೇಳಿದರು, ಹೇಳಿದಳು. ಡೌನ್‌ಪೋರ್ ಕೇಳಿದರು. ಹಗ್ಗ, ಬಟ್ಟೆ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡು ನೆಟ್ಟಗೆ ಹೇಳಿದಳು. ಬ್ಯಾಲಾಸ್ಟ್ ಅಂದರೆ ಹಳಿಯಡಿಯ ಜಲ್ಲಿ, ಕಾಷನ್ ಅಂದರೆ ನಿಧಾನ, ಎಚ್ಚರ. ಸಾಹೇಬರ ಮುಖ ಸಡಿಲಾಯಿತು.

"ಕೂತ್ಕೋಮ್ಮ. ಒಂದೇ ಒಂದು ಉಳೀತು. ಗೇಟಿನಿಂದ ಸ್ವಲ್ಪ ದೂರದಲ್ಲಿ ವಾಷೌಟ್ ಆಗಿದೆ. ಆಚೆ ಕಡೆ ನಮ್ಮೋನೊಬ್ಬ ನಿಂತಿದಾನೆ. ಈಚೆ ನೀನು. ಏನ್ಮಾಡ್ತೀಯ?"

"ದಾಟಿ ಹೋಗಿ ಅವನಿಗೆ ಸುದ್ದಿ ಮುಟ್ಟಿಸ್ತೀನಿ ಸಾರ್."

ಪೆನ್ನು ನಿಂತಿತು. ಸಾಹೇಬರು ಕನ್ನಡಕ ತೆಗೆದರು.

"ಯಾರು ಕಲಿಸಿದ್ದು ಇದನ್ನ?"

"ಮಾವ. ಇಲ್ಲೇ ಕೆಲಸ ಮಾಡಿದೋರು ಸಾರ್."

"ನಿನ್ನ ಗಂಡನಿಗೂ ಅವರೇ ಕಲಿಸಿದ್ದಾ?"

ಸಾಹೇಬರ ಸಿಟ್ಟು ಮೇಜಿನ ಮೇಲಿದ್ದ ಚಹದ ಲೋಟದ ಮೇಲೆ ತಿರುಗಿತು. ಅದನ್ನು ದೂರ ತಳ್ಳಿದರು.

"ದಾಟಬಾರದು ಅಂತ ಬಾಯಿ ಬಡ್ಕೊಂಡು ಎಷ್ಟು ವರ್ಷ ಆಯ್ತು. ಬಿಲ್ಲೆ ಇಲ್ದೆ ಬಂದ್ರೆ ಈಗ ಯಾರೂ ಏನೂ ಅನ್ನಲ್ಲ. ಅವತ್ತು ಆಚೆ ಇದ್ದೋನು ಕೆಂಪು ದೀಪ ಆಡಿಸ್ತಾನೇ ಇದ್ದನಂತೆ, ಬರಬೇಡ ಬರಬೇಡ ಅಂತ. ನಿನ್ನ ಗಂಡ ಬಿಲ್ಲೆ ಎತ್ತಿ ತೋರಿಸಿ, ಜೇಬಿಗೆ ಹಾಕ್ಕೊಂಡು ನೀರಿಗಿಳಿದ. ಜಾರಿದ್ದಲ್ಲಮ್ಮ. ಇಳಿದದ್ದು."

ಹೊರಗೆ ಗೂಡ್ಸ್ ಗಾಡಿಯೊಂದು ಹೋಯಿತು. ಕಿಟಕಿಯ ಗಾಜು ಅದು ಮುಗಿಯುವವರೆಗೂ ನಡುಗಿತು. ಅವಳ ಕಣ್ಣಮುಂದೆ ಗಂಡ ನೀರಿಗೆ ಇಳಿಯುತ್ತಲೇ ಇದ್ದ, ಕೈ ಮೇಲೆತ್ತಿಕೊಂಡು, ಪಾಠ ಒಪ್ಪಿಸುವ ಹುಡುಗನ ಹಾಗೆ.

"ಇನ್ನೊಂದ್ಸಲ ಕೇಳ್ತೀನಿ," ಸಾಹೇಬರ ದನಿ ಇಳಿದಿತ್ತು. "ಕೇಳಬಾರದು, ಆದ್ರೂ ಕೇಳ್ತೀನಿ. ಏನ್ಮಾಡ್ತೀಯ?"

"ನಿಲ್ತೀನಿ."

"ಎಲ್ಲಿ?"

"ಈಚೆಗೇ. ಕೆಂಪು ದೀಪ ಇಟ್ಟು, ಫೋನ್ ಮಾಡಿ, ಈಚೆಗೇ ನಿಲ್ತೀನಿ ಸಾರ್."

ಸಾಹೇಬರು ಬರೆದುಕೊಂಡರು. "ಸೋಮವಾರದಿಂದ ಬಾ," ಅಂದರು. ಬದುಕಿಕೊಂಡೆ ಅನ್ನಿಸಬೇಕಿತ್ತು ಅವಳಿಗೆ. ಮನೆಗೆ ಹೋಗಿ ಆ ಮುದುಕನ ಕೊರಳಪಟ್ಟಿ ಹಿಡಿದು ಕೇಳಬೇಕು ಅಂದುಕೊಂಡಳು. ದಾರಿಯುದ್ದಕ್ಕೂ ಅದನ್ನೇ ಕೇಳಿಕೊಂಡು ನಡೆದಳು, ತುಟಿ ಅಲ್ಲಾಡಿಸುತ್ತ. ಎದುರು ಬಂದವರು ಪರೀಕ್ಷೆಯ ಪಾಠ ಅಂದುಕೊಂಡಿರಬೇಕು.

ಮಾವ ಬಾಗಿಲಲ್ಲೇ ಕಾದಿದ್ದರು. ಅವಳು ಚಪ್ಪಲಿ ಬಿಡುವುದರೊಳಗೆ, ಕೆಲಸ ಸಿಕ್ಕಿತೋ ಇಲ್ಲವೋ ಕೇಳದೆ, "ವಾಷೌಟ್ ಕೇಳಿದ್ರಾ?" ಅಂದರು.

"ಕೇಳಿದ್ರು."

"ನಾನು ಹೇಳ್ಕೊಟ್ಟಿದ್ದೇ ಹೇಳ್ದೆ ತಾನೇ?"

"ಅದೇ ಹೇಳ್ದೆ."

"ಏನಂದ್ರು? ಸರಿ ಅಂದ್ರಾ?"

ಅವರು ಬಾಗಿಲು ಬಿಟ್ಟು ಸರಿಯಲಿಲ್ಲ. ಈ ಮುದುಕ ತನ್ನನ್ನು ಪರೀಕ್ಷೆಗೆ ಕಳಿಸಿದ್ದು ಕೆಲಸಕ್ಕೊಂದೇ ಅಲ್ಲ ಅಂತ ಅವಳಿಗೆ ಆಗ ಹೊಳೆಯಿತು. ಮಗ ದಾಟಿದ್ದು ಸರಿ ಅನ್ನುವ ಒಂದು ಮಾತು ಸಾಹೇಬರ ಬಾಯಿಂದ ತರಲಿ ಅಂತ ಕಳಿಸಿದ್ದರು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದದ್ದನ್ನೆಲ್ಲ ಅವಳು ಚಪ್ಪಲಿಯ ಜೊತೆ ಹೊರಗೇ ಬಿಟ್ಟಳು.

"ಸರಿ ಅಂದ್ರು ಮಾವ. ಕೆಲಸ ಕೊಟ್ರು."

ಮಾವ ಮುಖ ಆಚೆ ತಿರುಗಿಸಿದರು. ಆಮೇಲೆ ಕಾಲೆಳೆಯುತ್ತ ಒಳಗೆ ಹೋಗಿ, ಒಂದು ವರ್ಷದಿಂದ ಯಾರೂ ಮುಟ್ಟದ ಮಗನ ಇನ್ನೊಂದು ಮಳೆಕೋಟನ್ನು ಟ್ರಂಕಿನಿಂದ ತಂದರು. "ಹಾಕ್ಕೋ. ಗೇಟಲ್ಲಿ ಬೇಕಾಗುತ್ತೆ."

ಹಾಕಿಕೊಂಡಳು. ತೋಳುಗಳು ಅವಳ ಬೆರಳು ದಾಟಿ ಒಂದು ಗೇಣು ನೇತಾಡಿದವು. ಮಾವ ದಬ್ಬಳಕ್ಕೆ ದಾರ ಪೋಣಿಸಿಕೊಂಡು ಎದುರಿಗೆ ಕೂತರು. ಅವಳೂ ಕೂತು ಕೈ ಚಾಚಿದಳು. ಅವರು ತೋಳು ಮಡಿಸಿ ಹೊಲಿಯತೊಡಗಿದರು. ಹೊರಗೆ ಹಗ್ಗದ ಮೇಲಿನ ಬಟ್ಟೆಗಳಿಗೆ ಸಣ್ಣ ಹನಿ ಬೀಳತೊಡಗಿತ್ತು. ಇಬ್ಬರೂ ಏಳಲಿಲ್ಲ.

"ಡ್ರಿಜಲ್," ಅಂದರು ಮಾವ, ದಾರ ಎಳೆಯುತ್ತ, ತಮಗೆ ತಾವೇ. "ಶವರ್." ಇನ್ನೊಂದು ಹೊಲಿಗೆ. "ಡೌನ್‌ಪೋರ್."

ವಾಷೌಟ್‌ಗೆ ಬರುವ ಹೊತ್ತಿಗೆ ದಬ್ಬಳ ಬಟ್ಟೆಯೊಳಗೆ ಅರ್ಧಕ್ಕೆ ನಿಂತಿತು. ಮಾವ ತಲೆ ಎತ್ತಲಿಲ್ಲ. ಅವಳು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು.