ಮಗ್ಗದ ಮನೆಗೆ ಹೋದ ವಾಕರ್

ನಾನು ಒಂದು ವಾಕರ್. ನನಗೆ ನಾಲ್ಕು ಕಾಲುಗಳಿವೆ, ಆದರೆ ಹುಟ್ಟಿದಾಗಿನಿಂದ ಒಂದು ಹೆಜ್ಜೆಯನ್ನೂ ನಾನಾಗಿಯೇ ಇಟ್ಟವನಲ್ಲ. ಯಾರಾದರೂ ಎತ್ತಿ ಮುಂದಿಡಬೇಕು. ಆದರೂ ಬೆಟಗೇರಿಯಲ್ಲಿ ನನ್ನಷ್ಟು ಓಣಿ ತಿರುಗಿದವರು ಕಡಿಮೆ ಎಂದು ಜಂಬದಿಂದಲೇ ಹೇಳುತ್ತೇನೆ.

ಹುಟ್ಟಿದ್ದು ತಗಡಿನ ಶೆಡ್ಡೊಂದರಲ್ಲಿ. ಅಲ್ಯೂಮಿನಿಯಂ ಕೊಳವೆ ಬಗ್ಗಿಸಿ, ತೂತು ಕೊರೆದು, ಕಾಲಿಗೆ ಕರಿ ರಬ್ಬರಿನ ಬೂಟು ತೊಡಿಸಿದರು. ಅದೇ ಕೊಳವೆಯಿಂದ ನನ್ನ ಪಕ್ಕದಲ್ಲೇ ಬಟ್ಟೆ ಒಣಗಿಸುವ ಸ್ಟ್ಯಾಂಡುಗಳೂ ಹುಟ್ಟಿದವು. ಅವು ಮನೆ ಸೇರುತ್ತವೆ, ನಾನು ಆಸ್ಪತ್ರೆ ಸೇರುತ್ತೇನೆ ಎಂದುಕೊಂಡು ಹೊಟ್ಟೆಕಿಚ್ಚು ಪಟ್ಟಿದ್ದೆ. ನನ್ನ ಹಣೆಯಲ್ಲಿ ಬರೆದದ್ದೂ ಮನೆಗಳೇ ಎಂದು ಆಗ ಗೊತ್ತಿರಲಿಲ್ಲ.

ನನ್ನನ್ನು ಕೊಂಡದ್ದು ‘ಮನೆಬಾಗಿಲ ಆರೈಕೆ’ ಎಂಬ ಸಣ್ಣ ಸಂಘ. ಆಸ್ಪತ್ರೆಯಿಂದ ಬಿಡುಗಡೆಯಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವುದು ಅದರ ಕೆಲಸ. ಅಲ್ಲಿನ ನರ್ಸ್ ಶಾಹೀನ್ ನನ್ನನ್ನು ಮಡಚಿ ಸ್ಕೂಟರಿಗೆ ಕಟ್ಟಿಕೊಂಡು ಹೊರಟರೆಂದರೆ ಯಾರಿಗೋ ನಡೆಯುವುದನ್ನು ಕಲಿಸಬೇಕಾಗಿದೆ ಎಂದರ್ಥ. ಮೊದಲು ಹೋದದ್ದು ನಿವೃತ್ತ ಬಸ್ ಡ್ರೈವರ್ ಫಕೀರೇಶಪ್ಪನವರ ಮನೆಗೆ. ಸೊಂಟ ಮುರಿದುಕೊಂಡಿದ್ದ ಆ ಪುಣ್ಯಾತ್ಮ ನನ್ನನ್ನು ಸ್ಟೇರಿಂಗ್ ಎಂದೇ ತಿಳಿದು, ಪ್ರತಿ ತಿರುವಿನಲ್ಲೂ ಬಾಯಿಂದ ಹಾರನ್ ಹಾಕುತ್ತಿದ್ದರು. ಎರಡೇ ತಿಂಗಳಲ್ಲಿ ಗುಣವಾದರು.

ಆಮೇಲೆ ಹೋದದ್ದು ಶಂಕ್ರವ್ವನ ಮನೆಗೆ. ನನ್ನ ಕಥೆ ಎಂದರೆ ನಿಜವಾಗಿ ಅದೇ.

ಶಂಕ್ರವ್ವನಿಗೆ ಅರವತ್ತೆಂಟು. ಎಂಟನೇ ವಯಸ್ಸಿನಿಂದ ಕುಣಿಮಗ್ಗದಲ್ಲಿ ಸೀರೆ ನೇಯ್ದವಳು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ ಅದು. ಲಕ್ವಾ ಹೊಡೆದ ಮೇಲೆ ಅವಳ ಕೈ ಬೇಗ ಚೇತರಿಸಿತು, ಎಡಗಾಲು ಮಾತ್ರ ಮುನಿಸಿಕೊಂಡೇ ಉಳಿಯಿತು. ಪಾಯಖಾನೆ ಇದ್ದದ್ದು ಹಿತ್ತಲಲ್ಲಿ. ಮಗ ವಿರುಪಣ್ಣ ತಾಯಿಯನ್ನು ಎತ್ತಿಕೊಂಡೇ ಹೋಗಿ ಬರುತ್ತಿದ್ದ. ಅವಳು ನಾಚಿಕೆಯಿಂದ ನೀರು ಕುಡಿಯುವುದನ್ನೇ ಬಿಟ್ಟಾಗ ಅವನು ನೋಡುತ್ತ ಕೂರಲಿಲ್ಲ. ತಾಯಿಯ ಮಗ್ಗ ಬಿಚ್ಚಿ, ಕುಣಿ ಮುಚ್ಚಿ, ಆ ಜಾಗದಲ್ಲೇ ಪಾಯಖಾನೆ ಕಟ್ಟಿಸುವುದೆಂದು ತೀರ್ಮಾನಿಸಿದ. ಇನ್ನೊಂದು ಮೂಲೆಯಲ್ಲಿ ಹೆಂಡತಿ ಕಸ್ತೂರಿಯ ಮಗ್ಗ; ಮನೆಯೊಳಗೆ ಬೇರೆ ಜಾಗವೇ ಇರಲಿಲ್ಲ.

"ಕುಣಿ ಮುಚ್ಚೂದಾದ್ರ ನನ್ನೂ ಅದರಾಗ ಹಾಕಿ ಮುಚ್ಚು," ಎಂದಳು ಶಂಕ್ರವ್ವ.

"ನೀ ಹಿತ್ತಲಕ್ಕ ನಡಕೋಂತ ಹೋಗಿ ತೋರಸು, ನಾ ಕುಣಿ ಮುಟ್ಟಂಗಿಲ್ಲ," ಎಂದ ವಿರುಪಣ್ಣ. ಅವನ ಕಣ್ಣಲ್ಲೂ ನೀರಿತ್ತು. "ಇಲ್ಲಂದ್ರ ಮೂರು ವಾರ ಬಿಟ್ಟು ಸೋಮವಾರ ಗೌಂಡಿ ಬರ್ತಾನ."

ಅವಳ ಪಾಲಿಗೆ ಇದ್ದದ್ದು ಮೂರು ವಾರ ಮತ್ತು ನಾನು. ಮೊದಲ ವಾರವಿಡೀ ಸೋಲು. ಎಡಗಾಲು ನೆಲ ಬಿಟ್ಟು ಏಳುತ್ತಿರಲಿಲ್ಲ. ನಾಲ್ಕನೇ ಹೆಜ್ಜೆಗೆ ಕೂತುಬಿಡುತ್ತಿದ್ದಳು. ಮನೆಯಲ್ಲೋ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಅದು ಶಾಹೀನ್‌ಗೂ ವಿಚಿತ್ರವೆನಿಸಿತು.

"ಕಸ್ತೂರಿ, ನೇಕಾರರ ಮನ್ಯಾಗ ಮಗ್ಗದ ಸಪ್ಪಳನ ಇಲ್ಲಲ್ಲ?" ಎಂದು ಸೊಸೆಯನ್ನು ಕೇಳಿದರು.

"ನಮ್ಮ ಅತ್ತೆಗೆ ಆರಾಮ ಬೇಕಂತ ಡಾಕ್ಟ್ರು ಹೇಳ್ಯಾರ್ರಿ. ಅದಕ್ಕ ನಾ ನನ್ನ ಮಗ್ಗ ನಿಲ್ಲಿಸಿ, ತವರಮನ್ಯಾಗ ಹೋಗಿ ನೇದು ಬರ್ತೇನಿ. ಬಾಜೂದವರೂ ಪಾಪ, ಮಗ್ಗಕ್ಕ ಅರಿವಿ ಸುತ್ತಿ ಮೆತ್ತಗ ನೇಯಾಕತ್ತಾರ."

ಹಾಸಿಗೆಯಲ್ಲಿದ್ದ ಶಂಕ್ರವ್ವ ಸಿಡಿದಳು. "ಯಾರ ಕೇಳಿದ್ರು ನಿಮಗ ಆರಾಮ? ಈ ಓಣ್ಯಾಗ ಮಗ್ಗ ನಿಲ್ಲೂದು ಯಾರರ ಸತ್ತಾಗ. ದವಾಖಾನಿಯಿಂದ ಬಂದಾಗಿಂದ ನಾನ ಸತ್ತೇನೇನೋ ಅಂತ ಮಕ್ಕೊಂಡೇನಿ!"

ಕಸ್ತೂರಿ ನಾಲಿಗೆ ಕಚ್ಚಿಕೊಂಡಳು. ಹೋಗಿ ತನ್ನ ಕುಣಿಗಿಳಿದು ಹಲಗೆ ತುಳಿದಳು. ಖಟ್, ಪಟ್. ಖಟ್, ಪಟ್. ಅರ್ಧ ಗಳಿಗೆಯೂ ಆಗಿರಲಿಲ್ಲ, ಹೊದಿಕೆಯ ಕೆಳಗೆ ಏನೋ ಅಲುಗಾಡಿತು. ಶಾಹೀನ್ ಹೊದಿಕೆ ಸರಿಸಿ ನೋಡಿದರೆ, ಆ ಮುನಿಸಿಕೊಂಡ ಎಡಗಾಲು ಮಗ್ಗದ ಸಪ್ಪಳಕ್ಕೆ ಸರಿಯಾಗಿ ತುಳಿಯುತ್ತಿತ್ತು!

"ಏಳ್ರಿ ಅವ್ವಾ," ಎಂದರು ಶಾಹೀನ್. ನನ್ನನ್ನು ಹಾಸಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. "ಖಟ್ ಅಂದಾಗ ವಾಕರ್ ಇಡ್ರಿ, ಪಟ್ ಅಂದಾಗ ಕಾಲು."

ಆ ದಿನ ಹನ್ನೊಂದು ಹೆಜ್ಜೆ ನಡೆದೆವು. ಓಣಿಯವರಿಗೆ ಸುದ್ದಿ ಮುಟ್ಟಿ, ಸಂಜೆಯೊಳಗೆ ಅಕ್ಕಪಕ್ಕದ ಮಗ್ಗಗಳ ಅರಿವೆಯೆಲ್ಲ ಬಿಚ್ಚಿತು. ಇಡೀ ಓಣಿ ನಮಗೆ ತಾಳ ಹಾಕಿತು ಎಂದರೂ ತಪ್ಪಿಲ್ಲ. ಆದರೆ ಹಿತ್ತಲ ಬಾಗಿಲಿಗೆ ಬಂದಾಗಲೆಲ್ಲ ನಿಲ್ಲಬೇಕಾಗುತ್ತಿತ್ತು. ಅಲ್ಲೊಂದು ಗೇಣೆತ್ತರದ ಹೊಸ್ತಿಲು.

"ಅದರ ಮ್ಯಾಲ ಕಾಲಿಟ್ಟು ದಾಟ್ರಿ," ಎಂದರು ಶಾಹೀನ್.

"ಹೊಸ್ತಿಲಾ ತುಳೀಲೇನು? ಛೀ, ಬಿಡವಾ!"

ಏನು ಹೇಳಿದರೂ ಜಪ್ಪಯ್ಯ ಎನ್ನಲಿಲ್ಲ. ನನಗೆ ಸಿಟ್ಟೇ ಬಂದಿತ್ತು. ದಿನಗಳು ಓಡುತ್ತಿದ್ದವು.

ಆ ಸೋಮವಾರ ಬಂದೇಬಿಟ್ಟಿತು. ಗೌಂಡಿ ದುರ್ಗಪ್ಪ ಗುದ್ದಲಿ ಹಿಡಿದು ಕುಣಿಯ ಪಕ್ಕ ನಿಂತ. ಶಂಕ್ರವ್ವ ಅವನತ್ತ ನೋಡಲೇ ಇಲ್ಲ. ಶಾಹೀನ್ ನೋಡುತ್ತಿದ್ದಂತೆ ಎದ್ದು ನನ್ನನ್ನು ಹಿಡಿದಳು. ಕಸ್ತೂರಿ ಮಗ್ಗ ಶುರುಮಾಡಿದಳು. ಹೆಜ್ಜೆ ಹೆಜ್ಜೆಯಾಗಿ ಹೊಸ್ತಿಲಿಗೆ ಬಂದೆವು. ನನ್ನನ್ನೆತ್ತಿ ಆಚೆ ಇಟ್ಟಳು. ಬಲಗಾಲು ದಾಟಿತು. ಎಡಗಾಲು ಒಳಗೇ ಉಳಿಯಿತು. ಅವಳ ಭಾರವೆಲ್ಲ ನನ್ನ ಮೇಲೆ ಬಂತು, ನನ್ನ ಕೊಳವೆ ಕಿರುಗುಟ್ಟಿತು. ವಿರುಪಣ್ಣ ಹಿಡಿಯಲು ಓಡಿಬಂದ.

"ಮುಟ್ಟಬ್ಯಾಡ!" ಎಂದು ಗದರಿದಳು. "ಕಸ್ತೂರೀ, ಜೋರ ಹೊಡಿ!"

ಖಟ್, ಪಟ್! ಎಡಗಾಲು ಎದ್ದಿತು. ಹೊಸ್ತಿಲಿಗೆ ತಾಗದೆ, ಅದರ ಅರಿಸಿನ ಕುಂಕುಮವನ್ನೂ ಸೋಕದೆ ಆಚೆ ಬಂದು ಊರಿತು. ಅಲ್ಲಿಂದ ಪಾಯಖಾನೆಯ ಬಾಗಿಲವರೆಗೆ ನಾವು ನಡೆದದ್ದು ನಡಿಗೆಯಲ್ಲ, ದಂಡಯಾತ್ರೆ! ಗೋಡೆಯ ಮೇಲಿಂದ ಇಣುಕುತ್ತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಶಾಹೀನ್ ಸೆರಗಿನಿಂದ ಕಣ್ಣೊರೆಸಿಕೊಂಡರು. ವಿರುಪಣ್ಣ ಹೊಸ್ತಿಲ ಬಳಿಯೇ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಶಂಕ್ರವ್ವ ತಿರುಗಿ, ಹಿಂದೆಯೇ ಹಿತ್ತಲಿಗೆ ಬಂದಿದ್ದ ಗೌಂಡಿಯನ್ನು ನೋಡಿದಳು. "ಹೆಂಗೂ ಬಂದೀಯಲ್ಲ ದುರ್ಗಪ್ಪ, ಇಲ್ಲಿ ಗ್ವಾಡಿಗೆ ಹಿಡ್ಕೊಳ್ಳಾಕ ಒಂದು ಕಬ್ಬಿಣದ ಸಳಿ ಹಾಕಿ ಹೋಗು."

ನಾಲ್ಕು ತಿಂಗಳ ಮೇಲೆ ಶಾಹೀನ್ ಒಪ್ಪಿದ ದಿನ, ಶಂಕ್ರವ್ವ ನನ್ನನ್ನು ಕುಣಿಯ ಅಂಚಿನಲ್ಲಿ ನಿಲ್ಲಿಸಿ ಮಗ್ಗಕ್ಕಿಳಿದಳು. ಒಂದು ಮಧ್ಯಾಹ್ನ ನೇಯುತ್ತಿದ್ದವಳು ಎದ್ದು, ಸೊಸೆಯ ಜೊತೆ ಬಣ್ಣದ ವಿಷಯಕ್ಕೆ ಜಗಳವಾಡುತ್ತಲೇ ಹಿತ್ತಲಿಗೆ ಹೋಗಿ ಬಂದಳು. ನಾನು ಮಗ್ಗದ ಬಳಿಯೇ ನಿಂತಿದ್ದೆ. ಅವಳಿಗೂ ತಿಳಿಯಲಿಲ್ಲ, ಕಸ್ತೂರಿಗೂ ತಿಳಿಯಲಿಲ್ಲ. ಗೊತ್ತಾದದ್ದು ನನಗೊಬ್ಬನಿಗೇ.

ಈಗ ನನಗೆ ವಯಸ್ಸಾಗಿದೆ. ಒಂದು ಕಾಲು ಸೊಟ್ಟ, ತಿರುಪುಗಳು ಬಿಗಿಯುವುದಿಲ್ಲ. ಸಂಘದ ಕಚೇರಿಯ ಮೂಲೆಯಲ್ಲಿ ಶಾಹೀನ್‌ರ ಮಳೆಕೋಟು ಹೊತ್ತು ನಿಂತಿದ್ದೇನೆ. ಹದಿನಾರು ಮಂದಿ ನನ್ನನ್ನು ಹಿಡಿದು ಎದ್ದರು, ನಡೆದರು, ನಡೆಯುತ್ತ ನಡೆಯುತ್ತ ನನ್ನನ್ನು ಮರೆತೇಬಿಟ್ಟರು. ಇಷ್ಟು ಚೆಂದವಾಗಿ ಮರೆಯಲ್ಪಟ್ಟ ಬದುಕು ಇನ್ನಾರಿಗೆ ಸಿಕ್ಕೀತು?