ಅಟ್ಟದ ಸೀಳು

ಎರಡು ಹಲಗೆಗಳ ನಡುವೆ ಒಂದು ಸೀಳಿತ್ತು. ಇನ್ನೂ ದಾರ ಕಾಣದ ಗುಂಡಿಕಾಜದ ಹಾಗೆ, ನಡುವೆ ತುಸು ಅಗಲ, ತುದಿಗಳಲ್ಲಿ ಸಣ್ಣ. ಕೆಳಗಿನ ಬೆಳಕು ಅದರಿಂದ ಮೇಲಕ್ಕೆ ಬರುತ್ತಿತ್ತು. ದರ್ಜಿ ಅಂಗಡಿಯ ಅಟ್ಟದಲ್ಲಿ ಕೂತು ಕಾಜ ಹಾಕಿದ ನನ್ನ ಹರೆಯದ ವರ್ಷಗಳನ್ನು ನೆನೆದರೆ ಮೊದಲು ಕಾಣುವುದು ಆ ಸೀಳೇ.

ಮೊನ್ನೆ ನಾನು ಅಡುಗೆಮನೆಗೆ ಹೋಗುವಾಗ ಮಗಳು ನಕ್ಕಳು. "ಅವ್ವಾ, ಬಾಗಲಾ ನಿನಗಿಂತ ಎಷ್ಟ ಎತ್ತರ ಐತಿ. ಆದ್ರೂ ತಲಿ ಬಗ್ಗಸ್ತೀ ನೋಡು!"

ಅವಳಿಗೆ ಹೊಸ ಕೆಲಸದ ಕರೆ ಬಂದಿದೆ. ಹೋಗಲೋ ಇರಲೋ ಎಂದು ವಾರದಿಂದ ತೊಳಲಾಡುತ್ತಿದ್ದಾಳೆ. ಯಾಕೆ ಬಗ್ಗುತ್ತೇನೆಂದು ಹೇಳೋಣವೆಂದರೆ ಆಗ ನನ್ನ ಕೈ ಹಿಟ್ಟಾಗಿತ್ತು, ಅವಳಿಗೂ ಕೂತು ಕೇಳುವ ಸಮಾಧಾನ ಇರಲಿಲ್ಲ. ಈಗ ಬೇಳೆ ಬೇಯಲು ಇಟ್ಟಿದ್ದೇನೆ. ಅದು ಬೇಯುವುದರೊಳಗೆ ಆದಷ್ಟು ಬರೆದಿಡುತ್ತೇನೆ.

ತುಳಜಪ್ಪ ಮಾಸ್ತರ ಅಂಗಡಿ ಪೇಟೆಯ ಓಣಿಯಲ್ಲಿತ್ತು. ಮಾಸ್ತರು ಕೆಳಗೆ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಯಮನೂರಿ ಮಿಷನ್ ತುಳಿಯುತ್ತಿದ್ದ. ಹೆಂಗಸರು ಬೀದಿಗೆ ಕಾಣಬಾರದೆಂದು ನನಗೂ ಅಂಬಕ್ಕನಿಗೂ ಅಟ್ಟದಲ್ಲಿ ಜಾಗ. ಅಲ್ಲಿ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ತೊಲೆ ತಲೆಗೆ ತಾಗುತ್ತಿತ್ತು. ನಿಚ್ಚಣಿಕೆ ಇಟ್ಟರೆ ಮೇಜಿಗೆ ಅಡ್ಡವೆಂದು ನಾವು ಹತ್ತಿದ ಕೂಡಲೇ ಅದನ್ನು ತೆಗೆದು ಗೋಡೆಗೆ ಒರಗಿಸುವುದು ಅಂಗಡಿಯ ರೂಢಿ. ಮತ್ತೆ ಇಡುತ್ತಿದ್ದುದು ಊಟದ ಹೊತ್ತಿಗೆ. ನಡುವೆ ಇಳಿಯಬೇಕಾದರೆ ಹಲಗೆ ಬಡಿದು ಕೇಳಬೇಕು. ನಾಚಿಕೆಯಿಂದ ನಾವು ಬಡಿಯುತ್ತಿರಲಿಲ್ಲ. ನೀರು ಕಡಿಮೆ ಕುಡಿಯುವುದನ್ನು ನನಗೆ ಕಲಿಸಿದವಳು ಅಂಬಕ್ಕ.

ಅವಳು ನನ್ನ ತಾಯಿಯ ವಯಸ್ಸಿನವಳು. ನೆಲದ ಮೇಲೆ ನಡೆಯುವಾಗಲೂ ತಲೆಯ ಮೇಲೆ ತೊಲೆ ಇದ್ದಂತೆಯೇ ಬಾಗಿ ನಡೆಯುತ್ತಿದ್ದಳು. ನಾನು ಒಂದು ಕಾಜ ಮುಗಿಸುವಷ್ಟರಲ್ಲಿ ಅವಳದು ಎರಡು ಆಗುತ್ತಿದ್ದವು.

"ಇಲ್ಲಿ ಯಾರೂ ಬೈಯೂದಿಲ್ಲ ತಂಗಿ," ಎನ್ನುತ್ತಿದ್ದಳು. "ಕೆಳಗ ನೋಡು, ದಿನಾ ಗಿರಾಕಿ ಗುದ್ದಾಟ. ನಮ್ಮದು ಸ್ವರ್ಗ."

ನಾನೂ ಅದನ್ನು ನಂಬಿಕೊಂಡಿದ್ದೆ. ಆದರೆ ನನ್ನ ಕಣ್ಣು ಸುಮ್ಮನಿರುತ್ತಿರಲಿಲ್ಲ. ಸೀಳು ಸರಿಯಾಗಿ ಕೆಳಗಿನ ಮೇಜಿನ ನೇರಕ್ಕೇ ಇತ್ತು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಬಗ್ಗಿ ನೋಡುತ್ತಿದ್ದೆ. ಸುಣ್ಣದ ಬಿಲ್ಲೆ ಎಳೆದ ಗೆರೆ, ಆ ಗೆರೆಯ ಮೇಲೆ ನೀರಿನಲ್ಲಿ ದೋಣಿ ಹೋದ ಹಾಗೆ ಹೋಗುವ ಕತ್ತರಿ. ರಾತ್ರಿ ಮಲಗಿದಾಗ ಹೊದಿಕೆಯ ಮೇಲೆ ಬೆರಳಿನಿಂದ ಅದೇ ಗೆರೆ ಎಳೆಯುತ್ತಿದ್ದೆ. ಮಾಸ್ತರಿಗೆ ಗೊತ್ತಾದರೆ ಕೆಲಸದಿಂದಲೇ ತೆಗೆದಾರೆಂಬ ಭಯವೂ ಇತ್ತು.

ಒಂದು ಮುಂಜಾನೆ ಮಾಸ್ತರು ಕೆಳಗಿನಿಂದ ಕೂಗಿದರು. "ಇಳದ ಬಾರವ್ವಾ."

"ಅಂಬಕ್ಕನ್ನ ಕಳಸ್ಲೇನ್ರೀ?"

"ಅಂಬಕ್ಕಲ್ಲ, ನೀ. ಕತ್ತರಿ ಹಿಡಿ ಬಾ. ನನಗೊಬ್ಬಂವಗ ಸಾಕಾಗೈತಿ."

"ನಂಗ ಬರೂದಿಲ್ರೀ ಮಾಸ್ತರ."

"ಬರ್ತೈತೋ ಇಲ್ಲೋ ಮೇಜಿನ ಮ್ಯಾಲಿನ ಅರಿವಿ ಹೇಳ್ತೈತಿ. ಬಾ."

ಅಂಬಕ್ಕ ಸೂಜಿಯಿಂದ ಕಣ್ಣೆತ್ತಲಿಲ್ಲ. ಕೆಳಗೆ ನಿಚ್ಚಣಿಕೆ ಇಟ್ಟರು, ನಾನು ಇಳಿದೆ. ಮೇಜಿನ ಮೇಲೆ ದೊಡ್ಡ ಹೂಗಳ ಬಟ್ಟೆ ಹಾಸಿತ್ತು. ಅಚ್ಚು ಒಂದೇ ಮಗ್ಗುಲಿಗೆ, ತಿರುವಿದರೆ ಬೋಳು. ಶಾಲೆಗೆ ಹೊಸದಾಗಿ ಸೇರಲಿದ್ದ ಟೀಚರೊಬ್ಬರ ಸೀರೆಯ ಜೊತೆಯಲ್ಲೇ ಬಂದ ರವಿಕೆ ಕಣ ಅದು; ಕೆಟ್ಟರೆ ಅಂಥದು ಇನ್ನೊಂದು ಸಿಗುವಂತಿರಲಿಲ್ಲ. ದೊಡ್ಡ ಹೂವಿನ ಬಟ್ಟೆಯನ್ನು ಮಾಸ್ತರು ಮಡಿಸಿ ಕತ್ತರಿಸುತ್ತಿರಲಿಲ್ಲ. ಎದೆಯ ಎಡಬಲಕ್ಕೆ ಹೂವು ಸಮ ಕೂರಬೇಕೆಂದು ಮೊದಲು ಒಂದು ತುಂಡು ಕತ್ತರಿಸಿ, ಅದನ್ನೇ ಅಳತೆಗೆ ಇಟ್ಟು ಇನ್ನೊಂದನ್ನು ತೆಗೆಯುತ್ತಿದ್ದರು. ನಾನು ಎಷ್ಟೋ ಸಲ ನೋಡಿದ್ದೆ.

ಕತ್ತರಿ ನಾನು ನೆನೆದದ್ದಕ್ಕಿಂತ ಭಾರವಾಗಿತ್ತು. ಆದರೂ ಗೆರೆ ಬಿಡದೆ ನಡೆಯಿತು. ಮೊದಲ ತುಂಡು ತೆಗೆದೆ. ಅದನ್ನು ಹೂವಿಗೆ ಹೂವು ಹೊಂದಿಸಿ ಇಟ್ಟೆ. ಎರಡನೆಯದನ್ನೂ ತೆಗೆದೆ. ಮನಸ್ಸು ಹಾರುತ್ತಿತ್ತು. ಎರಡನ್ನೂ ಎದುರುಬದುರು ಹಾಸಿದಾಗ ಮಿಷನ್ನಿನ ಸದ್ದು ನಿಂತಿತು.

"ಎರಡೂ ಎಡಗಡೀವs!" ಎಂದು ಯಮನೂರಿ ತೊಡೆ ತಟ್ಟಿಕೊಂಡು ನಕ್ಕ. "ಟೀಚರಬಾಯಾರು ಇನ್ನ ಬರೇ ಎಡಕ್ಕs ಹೊಳ್ಳಬೇಕು!"

ಮಾಸ್ತರು ಏನೋ ಹೇಳಲು ಬಾಯಿ ತೆರೆದರು. ನಾನು ಕೇಳಲು ನಿಲ್ಲಲಿಲ್ಲ. ಕತ್ತರಿ ಅಲ್ಲೇ ಬಿಟ್ಟು ನಿಚ್ಚಣಿಕೆ ಹತ್ತಿದೆ. ಅವಸರದಲ್ಲಿ ತೊಲೆಗೆ ಹಣೆ ಬಡಿಯಿತು.

ಅಂಬಕ್ಕ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. "ಬಂದ್ಯಾ? ಬಾ. ನಿನ್ನ ಜಾಗಾ ಹಂಗs ಐತಿ," ಎಂದು ಸೆರಗಿನಿಂದ ಹಣೆ ಒತ್ತಿದಳು. ಆ ಕೈ ಬೆಚ್ಚಗಿತ್ತು. ನಾನು ಒಂದು ಅಂಗಿ ಎತ್ತಿಕೊಂಡು ಕಾಜಕ್ಕೆ ಸೂಜಿ ಹಾಕಿದೆ. ಎಲ್ಲವೂ ಮೊದಲಿನಂತಾಗಲು ಒಂದು ಸದ್ದು ಬಾಕಿಯಿತ್ತು. ಕೆಳಗೆ ನಿಚ್ಚಣಿಕೆ ಎತ್ತಿ ಗೋಡೆಗೆ ಒರಗಿಸುವ ಸದ್ದು. ಅದು ಬಂದರೆ ಸಾಕು, ಅಳು ನಿಲ್ಲುತ್ತದೆ ಎಂದುಕೊಂಡು ಕಾದೆ.

ಸದ್ದು ಬರಲಿಲ್ಲ.

"ತಗದಿಲ್ಲ," ಎಂದಳು ಅಂಬಕ್ಕ.

"ಮರತಿರಬೇಕು."

"ಮಾಸ್ತರ ಮರಿಯೂದಿಲ್ಲ ತಂಗಿ." ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನಾನೂ ಒಂದಿನ ಇಳದಿದ್ದೆ. ತೋಳು ಗಿಡ್ಡ ಕತ್ತರಿಸಿ ಓಡಿಬಂದೆ. ಅವತ್ತೂ ನಿಚ್ಚಣಿಕಿ ಹಿಂಗs ಇಟ್ಟs ಬಿಟ್ಟಿದ್ರು. ಸಂಜೀತನಕ ಇತ್ತು."

"ಮತ್ತ?"

"ಮತ್ತೇನ. ಮರುದಿನ ತಗದ್ರು." ಸೂಜಿಗೆ ಹೊಸ ದಾರ ಪೋಣಿಸುತ್ತ ಹೇಳಿದಳು: "ಮಂದಿ ಅಂತಾರ, ಅಂಬಕ್ಕನ್ನ ಮಾಸ್ತರ ಕೆಳಗ ಕರೀಲಿಲ್ಲ ಅಂತ. ನಾನೂ ಹೂಂ ಅಂತೀನಿ. ಕರದಿದ್ರು."

ಅವಳ ಬಾಗಿದ ಬೆನ್ನನ್ನೇ ನೋಡಿದೆ. ಅಂಗಿಯನ್ನು ಚಾಪೆಯ ಮೇಲಿಟ್ಟೆ. ಮೆಟ್ಟಿಲಿಗೊಮ್ಮೆ ನಿಂತು ನಿಂತು ಇಳಿದೆ.

ಮೇಜಿನ ಮೇಲೆ ಎರಡೂ ತುಂಡುಗಳು ನಾನು ಬಿಟ್ಟ ಹಾಗೆಯೇ ಇದ್ದವು. ಮಾಸ್ತರು ಕೇಳಿದ್ದು ಒಂದೇ ಮಾತು. "ಎರಡನೇದು ತಗಿಯೂ ಮುಂಚೆ ಮದಲಿಂದು ಬೋರಲ ಹಾಕಬೇಕು. ಯಾಕ ಹಾಕಲಿಲ್ಲ?"

"ಮ್ಯಾಲಿಂದ ಅದೊಂದು ಕಾಣ್ತಿದ್ದಿಲ್ರೀ," ಎಂದುಬಿಟ್ಟೆ. "ಆವಾಗ ನೀವು ಬಗ್ಗತಿದ್ರಿ. ನಿಮ್ಮ ಟೊಪಿಗಿ ಅಡ್ಡ ಬರ್ತಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕದ್ದು ನೋಡಿದ್ದು ನನ್ನ ಬಾಯಿಂದಲೇ ಹೊರಬಿದ್ದಿತ್ತು.

ಮಾಸ್ತರಿಗೆ ಆಶ್ಚರ್ಯವಾಗಲಿಲ್ಲ. "ಹೋದ ವರ್ಷ ಬಡಿಗ್ಯಾ ಬಂದಿದ್ದ. ಸೀಳಿಗೆ ಪಟ್ಟಿ ಹೊಡೀಲೇನು ಅಂದ. ಬ್ಯಾಡ, ಇರಲಿ ಅಂದೆ," ಎಂದರು. ಆಮೇಲೆ ತಲೆಯ ಟೊಪ್ಪಿಗೆ ತೆಗೆದು ಗೋಡೆಯ ಗೂಟಕ್ಕೆ ಹಾಕಿದರು. "ತೋಳಿಗಂತ ಇಟ್ಟ ಅರಿವಿ ಉಳದೈತಿ. ತೋಳು ಗಿಡ್ಡ ಮಾಡು, ಅದರಾಗ ಬಲಗಡೀದು ತಗಿ. ಸಾಲದ್ದಕ್ಕ ಕೆಟ್ಟ ತುಂಡಿಂದ ಜೋಡು ಹಾಕು, ಸೆರಗಿನ ಕೆಳಗ ಹೋಗ್ತೈತಿ. ಟೀಚರಿಗೆ ನಾ ಹೇಳ್ತೀನಿ."

ಉಳಿದ ಬಟ್ಟೆ ಹಾಸಿದೆ. ಅಂಗೈಯನ್ನು ಸೆರಗಿಗೆ ಒರೆಸಿಕೊಂಡೆ. ನೆಟ್ಟಗೆ ನಿಂತು ಉಸಿರು ಬಿಟ್ಟಾಗ ಕಣ್ಣು ತಾನಾಗಿಯೇ ಮೇಲಕ್ಕೆ ಹೋಯಿತು. ಕೆಳಗಿನಿಂದ ಆ ಸೀಳನ್ನು ನೋಡಿದ್ದು ಅದೇ ಮೊದಲು. ಅಲ್ಲಿಂದ ಅದು ಕಪ್ಪಗಿತ್ತು. ಕಪ್ಪಿನೊಳಗೆ ಏನೋ ಮಿನುಗಿತು. ಅಂಬಕ್ಕನ ಕಣ್ಣು.

ನಾನು ತಲೆಯನ್ನು ಪಕ್ಕಕ್ಕೆ ಸರಿಸಿಕೊಂಡೆ. ಮೊದಲ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನಿಧಾನವಾಗಿ, ಮೇಲಿನವರಿಗೆ ಕಾಣುವ ಹಾಗೆ, ಬೋರಲು ಹಾಕಿದೆ.